ಕರೆಂಟ್ ಕಾರಿನ ಹೊಗೆ

ಹೊಗೆ ಬಾರದ ಯಾವುದೇ ಕಾರನ್ನು ಕೆಟ್ಟು ನಿಂತ ಕಾರೆಂದು ಪರಿಗಣಿಸತಕ್ಕದ್ದು. ಅರವತ್ತು ವರ್ಷಗಳಿಂದ ಕಾರು ತಯಾರಿಸುತ್ತಿದ್ದ ಆ ಕಾರ್ಖಾನೆಯ ಹದಿನೇಳನೆಯ ನಿಯಮ ಹೀಗೆ ಹೇಳುತ್ತದೆ, ಇದರಲ್ಲಿ ತಪ್ಪೇನೂ ಇಲ್ಲ. ಹೊಗೆ ಅಳೆಯುವ ಯಂತ್ರ ಸೊನ್ನೆ ತೋರಿಸಿದರೆ ಒಂದೋ ಯಂತ್ರ ಕೆಟ್ಟಿರಬೇಕು, ಇಲ್ಲವೇ ಕಾರು ಕೆಟ್ಟಿರಬೇಕು. ಮೂರನೆಯ ಕಾರಣ ಯಾರಿಗೂ ಹೊಳೆದಿರಲಿಲ್ಲ.

ಆ ಯಂತ್ರದ ಮುಂದೆ ಇಪ್ಪತ್ತೆರಡು ವರ್ಷ ಕೂತು, ಹೊಗೆ ಮಿತಿಯೊಳಗಿದೆ ಎಂದು ಸಹಿ ಹಾಕುತ್ತಿದ್ದವರನ್ನು ಎಲ್ಲರೂ ಹೊಗೆಯಣ್ಣ ಅಂತಲೇ ಕರೆಯುತ್ತಿದ್ದರು. ಅವರ ಸಹಿ ಇಲ್ಲದೆ ಒಂದು ಕಾರೂ ಗೇಟು ದಾಟುವಂತಿರಲಿಲ್ಲ. ಪಾಪ, ಅವರಿಗೆ ಬೇರೆ ಕೆಲಸವೂ ಬರುತ್ತಿರಲಿಲ್ಲ.

ಹೀಗಿರಲು ಒಂದು ಪ್ರಕಟಣೆ ಹೊರಬಿತ್ತು: "ಇಂದಿನಿಂದ ಪೆಟ್ರೋಲ್ ಕಾರು ನಿಲ್ಲಿಸಿ ಕರೆಂಟ್ ಕಾರು ಮಾತ್ರ ತಯಾರಿಸಲಾಗುವುದು. ಕೆಲಸವಿಲ್ಲದ ವಿಭಾಗಗಳನ್ನು ತಿಂಗಳೊಳಗೆ ಮುಚ್ಚಲಾಗುವುದು. ಈ ಬಗ್ಗೆ ಸಿಬ್ಬಂದಿಯೆಲ್ಲ ಸಂತೋಷಪಡತಕ್ಕದ್ದು." ಹೊಗೆಯಣ್ಣ ಸಂತೋಷಪಟ್ಟಿರುತ್ತೇನೆ ಎಂದು ಬರೆದುಕೊಟ್ಟು, ಮನೆಗೆ ಬಂದು ಮುಸುಕೆಳೆದು ಮಲಗಿಬಿಟ್ಟರು.

"ಏನ್ರೀ, ಮುಖ ಸಪ್ಪಗಿದೆ?" ಎಂದಳು ಹೆಂಡತಿ, ಮುಸುಕು ಸರಿಸಿ.

"ಇನ್ಮೇಲೆ ಕಾರು ಹೊಗೆನೇ ಬಿಡಲ್ವಂತೆ ಕಣೇ. ನನ್ನ ಅನ್ನಕ್ಕೇ ಕಲ್ಲು ಬಿತ್ತು."

"ಅದು ಬಿಡದಿದ್ರೆ ಅದರ ಪರವಾಗಿ ಇನ್ನೊಂದು ಬಿಡ್ಲಿ. ನಿಮ್ಮ ಪರವಾಗಿ ನಿಮ್ಮಕ್ಕನ ಹತ್ರ ನಾನು ಬೈಸಿಕೊಂಡು ಬರಲ್ವಾ?"

ಹೊಗೆಯಣ್ಣ ದಡಕ್ಕನೆ ಎದ್ದು ಕೂತರು. ಎಂಥಾ ಮಾತು! ಇವಳು ಕಾರ್ಖಾನೆಯಲ್ಲಿರಬೇಕಾಗಿತ್ತು ಅನ್ನಿಸಿತು.

ವಾರ ಕಳೆಯುವಷ್ಟರಲ್ಲಿ ನಲವತ್ತು ಕರೆಂಟ್ ಕಾರುಗಳು ಗೇಟಿನ ಹತ್ತಿರ ಸಾಲಾಗಿ ನಿಂತಿದ್ದವು. ಎಲ್ಲದಕ್ಕೂ ಸೊನ್ನೆ. ಹೊಗೆ ಯಂತ್ರವನ್ನು ಮೂರು ಸಲ ರಿಪೇರಿಗೆ ಕಳಿಸಿ ತರಿಸಿದ್ದೂ ಆಗಿತ್ತು. ಮ್ಯಾನೇಜರು ತಲೆ ಮೇಲೆ ಕೈಹೊತ್ತು ಕೂತಿದ್ದರು.

"ಆ ನಿಯಮ ತಿದ್ದಿಬಿಡೋಣ್ವೇನ್ರೀ?" ಎಂದು ಹೊಗೆಯಣ್ಣನನ್ನು ಕೇಳಿದರು.

"ತಿದ್ದಬಹುದು ಸಾರ್. ತಿದ್ದೋದಕ್ಕೂ ಹೊಗೆ ವಿಭಾಗದ ಸಹಿ ಬೇಕು. ನಾನು ಹಾಕಲ್ಲ."

"ಯಾಕ್ರೀ?"

"ಹಾಕಿದ್ರೆ ಹೊಗೆ ವಿಭಾಗವೇ ಇರಲ್ವಲ್ಲ ಸಾರ್."

ಮಾತು ನ್ಯಾಯವಾಗಿಯೇ ಇದೆ ಎಂದು ಮ್ಯಾನೇಜರಿಗೂ ಅನ್ನಿಸಿತು. ಆಗ ಹೊಗೆಯಣ್ಣ ಜೇಬಿನಿಂದ ಒಂದು ಕಾಗದ ತೆಗೆದು ಓದಿದರು: "ಈ ಮೂಲಕ ಕರೆಂಟ್ ಕಾರಾದ ನಾನು ತಿಳಿಯಪಡಿಸುವುದೇನೆಂದರೆ, ಖುದ್ದಾಗಿ ಹೊಗೆ ಬಿಡಲು ನನಗೆ ಅನುಕೂಲವಿಲ್ಲದ ಕಾರಣ, ನನ್ನ ಪರವಾಗಿ ಬಿಡಲು ಸದರಿ ಪೆಟ್ರೋಲ್ ಕಾರಿಗೆ ಅಧಿಕಾರ ಕೊಟ್ಟಿರುತ್ತೇನೆ." ಕಾರಿಗೆ ಸಹಿ ಮಾಡಲು ಬಾರದ್ದರಿಂದ ಟೈರಿನ ಗುರುತು ಒತ್ತಿಸುವುದೆಂದು ತೀರ್ಮಾನವಾಯಿತು.

ಗೋದಾಮಿನ ಮೂಲೆಯಲ್ಲಿದ್ದ ಹಳೆ ಪೆಟ್ರೋಲ್ ಕಾರೊಂದನ್ನು ತಳ್ಳಿ ತಂದರು. ಅದು ಕೆಮ್ಮಿ ಕೆಮ್ಮಿ ಮೊದಲ ಕರೆಂಟ್ ಕಾರಿನ ಪರವಾಗಿ ಹೊಗೆ ಬಿಟ್ಟಿತು. ಮಿತಿಯೊಳಗೇ ಇತ್ತು. ಹೊಗೆಯಣ್ಣ ಸಹಿ ಹಾಕುವಾಗ ಕಣ್ಣು ಒದ್ದೆಯಾಯಿತು. ಹೊಗೆಗಲ್ಲ, ಖುಷಿಗೆ.

ಎರಡನೆಯ ಕಾರಿಗೆ ಕಾನೂನು ಸಲಹೆಗಾರರು ಅಡ್ಡ ಬಂದರು. ಒಂದು ಕಾರು ಇಬ್ಬರ ಪರವಾಗಿ ಹೊಗೆ ಬಿಟ್ಟರೆ ಅದು ಮೋಸ. ಹಾಗಾಗಿ ಪ್ರತಿ ಕರೆಂಟ್ ಕಾರಿಗೂ ಒಂದೊಂದು ಹೊಸ ಪೆಟ್ರೋಲ್ ಕಾರು ತಯಾರಾಗಬೇಕಾಯಿತು. ನಿಂತಿದ್ದ ಎಂಜಿನ್ ವಿಭಾಗ ಶುರುವಾಯಿತು, ಮುಚ್ಚಿದ್ದ ಕ್ಯಾಂಟೀನೂ ತೆರೆಯಿತು. ಕಾರ್ಖಾನೆ ಎದೆಯುಬ್ಬಿಸಿ ಪ್ರಕಟಿಸಿತು: "ನಮ್ಮ ಕಾರುಗಳಲ್ಲಿ ಅರ್ಧಕ್ಕರ್ಧ ಈಗ ವಿದ್ಯುತ್ತಿನವು!"

ಕೊಟ್ಟ ಅಧಿಕಾರ ಕಾರಿನ ಆಯುಷ್ಯದುದ್ದಕ್ಕೂ ಇರುವುದರಿಂದ ಎರಡನ್ನೂ ಜೋಡಿಯಾಗಿಯೇ ಮಾರಿದರು. ಸರ್ಕಾರ ಈ ಪದ್ಧತಿಯನ್ನು ಮೆಚ್ಚಿ ರಸ್ತೆಗೂ ಅನ್ವಯಿಸಿತು: ಕರೆಂಟ್ ಕಾರಿನ ಹಿಂದೆಯೇ ಅದರ ಪೆಟ್ರೋಲ್ ಕಾರೂ ಹೊಗೆ ಬಿಡುತ್ತಾ ಬರತಕ್ಕದ್ದು. ಮೊದಮೊದಲು ಗೊಣಗಿದ ಜನ ಆಮೇಲೆ ಒಂಟಿ ಕಾರು ಕಂಡರೆ ಅಯ್ಯೋ ಪಾಪ ಅನ್ನತೊಡಗಿದರು.

ಹೊಗೆ ವಿಭಾಗ ಹೊಗೆ ಇಲಾಖೆಯಾಯಿತು, ಹೊಗೆಯಣ್ಣ ಅದರ ಮುಖ್ಯಸ್ಥರಾದರು. ಕಾರ್ಖಾನೆ ಅವರಿಗೂ ಒಂದು ಜೋಡಿ ಕೊಟ್ಟಿತು. ಹೆಂಡತಿ ಒಂದು ಮಾತೂ ಕೇಳದೆ ಕರೆಂಟ್ ಕಾರಿನಲ್ಲಿ ಕೂತಳು.

"ನಾನು ಮುಂದೆ ಹೋಗ್ತಿರ್ತೀನಿ. ನೀವು ಹಿಂದಿನಿಂದ ಬಿಟ್ಕೊಂಡು ಬನ್ನಿ."

ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. "ಏನಮ್ಮಾ, ನಿಮ್ಮ ಹೊಗೆ ಎಲ್ಲಿ?"

ಆಕೆ ತಿರುಗಿಯೂ ನೋಡದೆ ಹೆಬ್ಬೆರಳು ಹಿಂದಕ್ಕೆ ತೋರಿಸಿದಳು. "ಬರ್ತಾ ಇದ್ದಾರೆ, ನಮ್ಮ ಯಜಮಾನ್ರು."

ಪೊಲೀಸರು ಒಂದು ಹೆಜ್ಜೆ ಹಿಂದೆ ಸರಿದು, ಇಬ್ಬರಿಗೂ ಸಲ್ಯೂಟ್ ಹೊಡೆದರು.