ಹಾರ್ಡ್ ಡಿಸ್ಕಿಗೆ ಕುಂಕುಮವಿಟ್ಟ ಭಾನುವಾರ

ಕೊಳ್ಳೇಗಾಲದಲ್ಲಿ ದಿನಪತ್ರಿಕೆಯೊಂದರ ವರದಿಗಾರನಾಗಿದ್ದ ಕಾಲದಲ್ಲಿ ನನ್ನ ಬಗ್ಗೆ ನನಗೆ ಒಂದು ಖಚಿತ ಅಭಿಪ್ರಾಯವಿತ್ತು. ನಾನು ಆತುರಪಡುವವನಲ್ಲ. ಆನೆ ಹೊಲಕ್ಕೆ ನುಗ್ಗಿದೆ ಎಂದು ಯಾರಾದರೂ ಏದುಸಿರು ಬಿಡುತ್ತ ಬಂದರೆ ನನ್ನ ಮೊದಲ ಪ್ರಶ್ನೆ, ‘ನೀವು ಕಣ್ಣಾರೆ ನೋಡಿದ್ರಾ?’ ಎರಡನೆಯದು, ‘ಎಷ್ಟು ಆನೆ?’ ಇಬ್ಬರ ಬಾಯಲ್ಲಿ ಒಂದೇ ಸಂಖ್ಯೆ ಬರುವವರೆಗೆ ಒಂದು ಸಾಲನ್ನೂ ಬರೆಯುತ್ತಿರಲಿಲ್ಲ. ಇಂಥ ಮನುಷ್ಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬದಲಾಯಿಸಲು ಲಾಯಕ್ಕಲ್ಲ ಎಂದು ಯಾರು ತಾನೆ ಹೇಳಿಯಾರು?

ಹೇಳಿದವಳು ಒಬ್ಬಳಿದ್ದಳು. ನನ್ನ ಹೆಂಡತಿ ಗಿರಿಜಾ.

“ಲೋಕೇಶನ್ನ ಕರೀರಿ. ಈ ಮನೇಲಿ ನೀವು ಬಲ್ಬ್ ಹಾಕಿರೋದೇ ಎರಡು ಸಲ. ಎರಡು ಸಲಾನೂ ಬೀದಿಗೆಲ್ಲ ಕರೆಂಟು ಹೋಯ್ತು.”

ಎರಡು ಸಾವಿರದ ಮೂರನೇ ಇಸವಿ. ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಕಂಪ್ಯೂಟರನ್ನು ನಾನು ತಂದು ನಾಲ್ಕು ವರ್ಷವಾಗಿತ್ತು. ಅದರ ಹೊಟ್ಟೆಯೊಳಗಿನಿಂದ ಕೆಲವು ದಿನಗಳಿಂದ ಒಂದು ಸದ್ದು ಬರುತ್ತಿತ್ತು. ಗೂಡು ಕಟ್ಟುವ ಮುಂಚೆ ರೇಷ್ಮೆ ಹುಳುಗಳು ಒಟ್ಟಾಗಿ ಸೊಪ್ಪು ಮೇಯುವಾಗ ಬರುತ್ತದಲ್ಲ, ಅಂಥದ್ದೇ ಸದ್ದು. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಲೋಕೇಶ ಬಂದು ಕಿವಿಗೊಟ್ಟು ಕೇಳಿ, ಸಿನಿಮಾದಲ್ಲಿ ಡಾಕ್ಟರು ಆಪರೇಷನ್ ಕೋಣೆಯಿಂದ ಹೊರಗೆ ಬಂದು ಕನ್ನಡಕ ತೆಗೆಯುವ ಹಾಗೆ ತಲೆ ಅಲ್ಲಾಡಿಸಿದ.

“ಹಾರ್ಡ್ ಡಿಸ್ಕು ಓಯ್ತಾ ಐತೆ ಸಾ. ಇವತ್ತೋ ನಾಳೆಯೋ. ಒಳಗಿರಾದ್ನೆಲ್ಲ ಕಾಪಿ ಮಾಡ್ಬುಟ್ಟು ಹೊಸದು ಹಾಕ್ಬೇಕು.”

ಅವನು ಹೇಳಿದ ಬೆಲೆ ಕೇಳಿ ನಾನು ಅವನಿಗೆ ಕಾಫಿ ಕೊಟ್ಟು ಕಳಿಸಿದೆ.

ಆ ಡಿಸ್ಕಿನೊಳಗೆ ಏನಿತ್ತು ಎಂಬುದನ್ನು ಇಲ್ಲೇ ದಾಖಲಿಸಬೇಕು. ನನ್ನ ನಾಲ್ಕು ವರ್ಷದ ವರದಿಗಳು, ಫೋಟೋಗಳು. ಮತ್ತು ಗಿರಿಜಾಳ ಒಂದು ಸೀರೆ ಸೆರಗಿನ ಡಿಸೈನು.

ಗಿರಿಜಾ ನೇಕಾರರಿಗೆ ಡಿಸೈನು ಬರೆದುಕೊಡುತ್ತಿದ್ದಳು. ಚೌಕಗಳಿರುವ ಕಾಗದದಲ್ಲಿ ಒಂದೊಂದೇ ಚೌಕ ತುಂಬಬೇಕು. ತುಂಬಿದ ಚೌಕ ಮಗ್ಗದಲ್ಲಿ ಒಂದು ಎಳೆ ಮೇಲೇಳುವ ಜಾಗ. ಅಲ್ಲಿಯವರೆಗೆ ಅವಳು ಬರೆದದ್ದೆಲ್ಲ ಯಾರೋ ತಂದುಕೊಟ್ಟ ಹಳೆಯ ಸೀರೆಗಳ ನಕಲು. ಈಗ ಮೊದಲ ಸಲ ತನ್ನದೇ ಒಂದನ್ನು ಕಂಪ್ಯೂಟರಿನಲ್ಲಿ, ಚುಕ್ಕಿ ಚುಕ್ಕಿಯಾಗಿ, ಆರು ವಾರ ಕೂತು ಬಿಡಿಸಿದ್ದಳು. ನಮ್ಮ ಕಡೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಇದೆಯಲ್ಲ, ಸುರುಳಿ ಸುರುಳಿಯಾಗಿ ಹೆಣೆದದ್ದು, ಅದನ್ನೇ ಸೆರಗಿನ ತುಂಬ ತಂದಿದ್ದಳು. ಪಕ್ಕದ ಬೀದಿಯ ನೇಕಾರ ನಂಜುಂಡಪ್ಪ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸುರುಳಿ ಎಣಿಸಿದ. ಆಮೇಲೆ, “ಅಮ್ಮಾ, ಬರೋ ಸುಕ್ರವಾರ ಸೀರೆ ತಕ್ಕೊಳ್ಳೋ ಮೈಸೂರ್ ಸಾವ್ಕಾರ್ರು ಬತ್ತಾರೆ. ಇದ್ನ ಅವ್ರಿಗೆ ತೋರ್ಸವ. ಒಪ್ಪುದ್ರೆ ನಿಮ್ಮ ಡಿಸೈನು ನಮ್ಮ ಮಗ್ಗುಕ್ಕೆ ಏರ್ತದೆ” ಎಂದಿದ್ದ.

ಅದನ್ನು ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮುದ್ರಿಸಬಹುದಿತ್ತು. ಪ್ರಿಂಟರಿಗೆ ರಿಬ್ಬನ್ ತರಲು ಅವಳು ನನಗೆ ಮೂರು ಸಲ ಹೇಳಿದ್ದಳು.

ನಾನು ಅಗ್ಗದ ದಾರಿ ಹುಡುಕಿದೆ. ಹನೂರಿನಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ಮುಚ್ಚಿತ್ತು. ಅದರ ಮಾಲೀಕ ಮಹದೇವನಿಗೆ ಉಳಿದ ಸಾಮಾನು ತೊಲಗಿದರೆ ಸಾಕಾಗಿತ್ತು. ಶನಿವಾರ ಬಸ್ಸು ಹತ್ತಿ ಹೋಗಿ ಒಂದು ಹಾರ್ಡ್ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದೆ. ದಾರಿಯುದ್ದಕ್ಕೂ, ಗುಂಡಿ ಬಂದಾಗಲೆಲ್ಲ, ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದೆ. ಪಕ್ಕದಲ್ಲಿದ್ದ ಮುದುಕರು, “ದೇವ್ರಾ ಸಾಮಿ?” ಎಂದು ಕೇಳಿ ನಮಸ್ಕಾರ ಮಾಡಿದರು.

“ಒಳಗೇನೂ ಇಲ್ಲ ಸಾ, ಬೆಳ್ಳಗೆ ಖಾಲಿ” ಎಂದಿದ್ದ ಮಹದೇವ. ಈ ಮಾತಿನ ಪೂರ್ಣ ತೂಕ ನನಗೆ ಮಾರನೆಯ ದಿನ ತಿಳಿಯಿತು.

ತಾಂತ್ರಿಕ ಸಲಹೆ ಯಳಂದೂರಿನಿಂದ ಬಂತು. ನನ್ನ ಷಡ್ಡಕ, ಗಿರಿಜಾಳ ತಂಗಿಯ ಗಂಡ ಶಿವಮಲ್ಲು ಅಲ್ಲಿ ಮೇಷ್ಟ್ರು. ರಜೆಯಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿದ್ದ. ಒಂದು ಡಿಸ್ಕಿನಲ್ಲಿರುವುದನ್ನೆಲ್ಲ ಇನ್ನೊಂದಕ್ಕೆ ಇದ್ದದ್ದು ಇದ್ದ ಹಾಗೇ ಇಳಿಸುವ ಪ್ರೋಗ್ರಾಮಿನ ಫ್ಲಾಪಿಯನ್ನು ಯಾರ ಕೈಯಲ್ಲೋ ಕಳಿಸಿಕೊಟ್ಟು, ಫೋನಿನಲ್ಲಿ ಪಾಠ ಹೇಳಿದ.

“ಎರಡೂ ಡಿಸ್ಕ್ನ ಹೊರಗ್ ತೆಗೀರಿ ಅಣ್ಣ. ಹಿಂದ್ಗಡೆ ಸಣ್ಣ ಪಿನ್ನು ಇರ್ತದೆ. ಹಳೇದು ಒಂದ್ನೇದು, ಹೊಸದು ಎರಡ್ನೇದು, ಅಂಗೆ ಬರೋ ಹಾಗೆ ಸಿಗಿಸ್ಬೇಕು. ಒಂದ್ನೇದರಿಂದ ಎರಡ್ನೇದಕ್ಕೆ ಓಯ್ತದೆ. ಅದಲು ಬದಲು ಮಾಡ್ಬುಟ್ಟೀರಿ.”

“ನಾನೇನು ಮಗುವೇನಯ್ಯ?” ಎಂದೆ.

ಭಾನುವಾರ ಬೆಳಿಗ್ಗೆ ಮೊದಲ ಕ್ರಮವಾಗಿ ನನ್ನ ವರದಿಗಳನ್ನು ಫ್ಲಾಪಿಗಳಿಗೆ ಇಳಿಸಿದೆ. ಮುನ್ನೆಚ್ಚರಿಕೆ. ಪೆಟ್ಟಿಗೆಯಲ್ಲಿದ್ದ ಹತ್ತೂ ಫ್ಲಾಪಿಗಳು ತುಂಬಿದವು. ನಂತರ ಜೀವನದಲ್ಲಿ ಮೊದಲ ಸಲ ಕಂಪ್ಯೂಟರಿನ ತಗಡು ಬಿಚ್ಚಿದೆ. ಒಳಗೆ ಬಗ್ಗಿ ನೋಡಿದೆ. ಹಸಿರು ಹಲಗೆಯ ಮೇಲೆ ಊರೊಂದನ್ನು ಆಕಾಶದಿಂದ ನೋಡಿದ ಹಾಗೆ ಬೀದಿಗಳು, ಗೋಪುರಗಳು, ನೀರಿನ ಟ್ಯಾಂಕುಗಳು. ಎಲ್ಲದರ ಮೇಲೂ ನಾಲ್ಕು ವರ್ಷದ ಕೊಳ್ಳೇಗಾಲದ ಧೂಳು. ಹಳೆಯ ಡಿಸ್ಕನ್ನು ಅಂಗೈಯಲ್ಲಿಟ್ಟುಕೊಂಡೆ. ಒಂದು ಸೋಪಿನ ಡಬ್ಬಿಯಷ್ಟು ದೊಡ್ಡದು. ಇದರೊಳಗೆ ನೂರಾರು ಆನೆಗಳು, ಎಷ್ಟೋ ಬಸ್ ಅಪಘಾತಗಳು ಮತ್ತು ಒಂದು ಸೆರಗು ಒಂದರ ಕಾಲು ಒಂದು ತುಳಿಯದೆ ಕೂತಿದ್ದವಲ್ಲ ಎಂದು ಮೈ ಜುಮ್ಮೆಂದಿತು.

ಹನೂರಿನ ಡಿಸ್ಕನ್ನು ಅದರ ಪಕ್ಕದಲ್ಲಿಟ್ಟೆ. ಒಂದೇ ಕಂಪನಿ, ಒಂದೇ ಅಳತೆ, ಒಂದೇ ಬಣ್ಣ. ಅವಳಿ ಜವಳಿ. ಗುರುತಿಗೆ ಚೀಟಿ ಅಂಟಿಸಬೇಕೆಂದು ಗೋಂದು ಹುಡುಕುತ್ತಿದ್ದಾಗ ಕರೆಂಟು ಹೋಯಿತು. ಕರೆಂಟು ಬರುವವರೆಗೆ ಕೆಲಸವಿಲ್ಲವೆಂದು ಅಡುಗೆಮನೆಗೆ ಹೋಗಿ ಮುದ್ದೆ ಉಂಡು ಕೈ ತೊಳೆದು ಬಂದೆ.

ಬಂದು ನೋಡಿದರೆ ಒಂದು ಡಿಸ್ಕಿಗೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಕಣಗಿಲೆ ಹೂವು. ನನ್ನ ತಾಯಿಯ ಕೆಲಸ. ಈ ಮನೆಗೆ ಹೊಸ ಸೈಕಲ್ ಬಂದರೂ, ಹೊಸ ಮಿಕ್ಸಿ ಬಂದರೂ, ಒಲೆಗೆ ಹೊಸ ಬರ್ನರ್ ಬಂದರೂ ಅವಳ ಕುಂಕುಮ ಬೀಳದೆ ಬಳಕೆಗೆ ಬರುವಂತಿಲ್ಲ. ಚೀಟಿಯ ಕೆಲಸ ತಪ್ಪಿತಲ್ಲ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಕುಂಕುಮವಿದ್ದದ್ದು ಹೊಸದು. ಬೋಳಾಗಿದ್ದದ್ದು ಹಳೆಯದು. ಹೂವನ್ನು ಮಾತ್ರ ತೆಗೆದಿಟ್ಟು, ಬೋಳಾದದ್ದನ್ನು ಒಂದನೆಯದಾಗಿಯೂ ಕುಂಕುಮದ್ದನ್ನು ಎರಡನೆಯದಾಗಿಯೂ ಶಾಸ್ತ್ರೋಕ್ತವಾಗಿ ಸಿಗಿಸಿದೆ.

ಎರಡು ಗಂಟೆಗೆ ಕರೆಂಟು ಬಂತು. ಪ್ರೋಗ್ರಾಮು ಒಂದೇ ಪ್ರಶ್ನೆ ಕೇಳಿತು: ಎರಡನೇ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ? ನಾನು ಹೌದು ಎಂದೆ. ಖಾಲಿ ಡಿಸ್ಕಿನಲ್ಲಿ ಅಳಿಸುವುದಕ್ಕೆ ಏನಿದೆ ಎಂದು ಸ್ವಲ್ಪ ನಕ್ಕೆ ಕೂಡ.

ಪರದೆಯ ಮೇಲೆ ಒಂದು ನೀಲಿ ಪಟ್ಟಿ ನಿಧಾನವಾಗಿ ಬೆಳೆಯಿತು. ಹತ್ತು, ಇಪ್ಪತ್ತು, ಐವತ್ತು. ಹೊಳೆಯ ನೀರು ಕಾಲುವೆಗೆ ಏರುವುದನ್ನು ನೋಡುವ ರೈತನ ಹಾಗೆ ಒಂದೂವರೆ ಗಂಟೆ ಕಣ್ಣು ಕೀಳದೆ ನೋಡಿದೆ. ತಾಯಿಯನ್ನೂ ಕರೆದು ತೋರಿಸಿದೆ. ಅವಳು, “ಏನ್ ಮಹಿಮೆಯಪ್ಪ” ಎಂದಳು. ನೂರು ಮುಟ್ಟಿತು. ಒಂದೂ ದೋಷವಿಲ್ಲದೆ ಕಾರ್ಯ ಮುಗಿದಿದೆ ಎಂದು ಯಂತ್ರ ಪ್ರಮಾಣಪತ್ರ ಕೊಟ್ಟಿತು.

ನಿಜವಾಗಿಯೂ ಒಂದೂ ದೋಷವಿರಲಿಲ್ಲ. ಹನೂರಿನ ಖಾಲಿ ಒಂದು ಚುಕ್ಕೆಯೂ ಬಿಡದಂತೆ ನಮ್ಮ ಡಿಸ್ಕಿಗೆ ಇಳಿದಿತ್ತು. ಯಾವ ಡಿಸ್ಕನ್ನು ಸಿಗಿಸಿದರೂ ಕಪ್ಪು ಪರದೆ. ಸಿಗಿಸಿದೆ, ಬಿಚ್ಚಿದೆ, ಮತ್ತೆ ಸಿಗಿಸಿದೆ. ನಂತರ ತಣ್ಣಗೆ ತಾಯಿಯನ್ನು ಕೇಳಿದೆ.

“ಅವ್ವ, ಕುಂಕುಮ ಇಟ್ಟಿದ್ದು ಹೊಸದಕ್ಕೆ ತಾನೆ?”

“ಹೊಸದಕ್ಕ್ಯಾಕ್ಲಾ ಇಡ್ಲಿ? ಅದಿನ್ನೂ ಏನ್ ಗೇಯ್ಮೆ ಮಾಡೈತೆ ಈ ಮನೇಲಿ? ನಾಕ್ ವರ್ಸ ದುಡುದಿದ್ದು ಹಳೇದು. ನೀನು ಬಿಚ್ಚಿ ಬೇರೆ ಮಡುಗಿದ್ದೆ, ಓಗೋದು ಅದೇ ಅಂತ ಗೊತ್ತಾಯ್ತು. ಮನೆಯಿಂದ ಓಗೋರ್ಗೆ ಕುಂಕ್ಮ ಕೊಡ್ದೆ ಕಳಿಸ್ತಾರಾ?”

“ಹಳೇದು ಯಾವುದು ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಧೂಳಿತ್ತು ಕಣ್ಲಾ. ವರ್ಸಿ ಇಟ್ಟೆ.”

ಪಾದ ಮುಟ್ಟಿ ನಮಸ್ಕರಿಸಬೇಕಾದ ತರ್ಕ. ಎರಡು ಬಾಯಿಂದ ಕೇಳದೆ ಒಂದು ಸಾಲನ್ನೂ ಬರೆಯದವನು ಮನೆಯಲ್ಲಿದ್ದ ಒಂದೇ ಒಂದು ಬಾಯನ್ನೂ ಕೇಳಿರಲಿಲ್ಲ.

ಸಂಜೆ ನಂಜುಂಡಪ್ಪನ ಮನೆಯಿಂದ ಗಿರಿಜಾ ಬಂದಳು. ನಾನು ವಿಷಯವನ್ನು ಸುದ್ದಿಯ ಕ್ರಮದಲ್ಲೇ ಹೇಳಿದೆ: ಏನು, ಎಲ್ಲಿ, ಯಾವಾಗ, ಹೇಗೆ. ಅವಳು ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕೂತಳು.

“ನಿಮ್ಮ ಸುದ್ದಿಗಳು?”

“ಫ್ಲಾಪೀಲಿವೆ.”

“ಎಷ್ಟು ಫ್ಲಾಪೀಲಿ?”

“ಹತ್ತು.”

“ನನ್ನದು?”

ನಾನು ಕಂಪ್ಯೂಟರಿನ ಕಡೆ ನೋಡಿದೆ. ಬಿಚ್ಚಿಟ್ಟಿದ್ದ ಸ್ಕ್ರೂಗಳನ್ನು ಒಂದೊಂದೇ ಎತ್ತಿ ಡಬ್ಬಿಗೆ ಹಾಕತೊಡಗಿದೆ.

ಸೋಮವಾರ ಬೆಳಿಗ್ಗೆ ಎರಡೂ ಡಿಸ್ಕುಗಳನ್ನು ಲೋಕೇಶನ ಮುಂದಿಟ್ಟೆ. ಅವನು ಅರ್ಧ ದಿನ ಪ್ರಯತ್ನಿಸಿ, ಕುಂಕುಮದ ಡಿಸ್ಕನ್ನು ಭಕ್ತಿಯಿಂದ ವಾಪಸು ಕೊಟ್ಟ.

“ಏನೂ ಉಳ್ದಿಲ್ಲ ಸಾ. ಇಷ್ಟು ಸುದ್ಧವಾಗಿ ಅಳ್ಸಕ್ಕೆ ನನ್ಗೂ ಬರಲ್ಲ.” ಆಮೇಲೆ, “ಅಮ್ಮಾವ್ರ ಡಿಸೈನು ಬರೀ ಕಪ್ಪು ಬಿಳುಪಲ್ವ ಸಾ? ಒಂದ್ ಫ್ಲಾಪೀಲಿ ಒಂದ್ ಮೂಲೆ ಸಾಕಾಗಿತ್ತು” ಎಂದ.

ಈ ಎರಡನೆಯ ಮಾತನ್ನು ನಾನು ಮನೆಯಲ್ಲಿ ವರದಿ ಮಾಡಲಿಲ್ಲ. ಲೋಕೇಶನೇ ಮಾಡಿದ.

ಶುಕ್ರವಾರಕ್ಕೆ ನಾಲ್ಕೇ ದಿನ. ನಾನು ನಂಜುಂಡಪ್ಪನ ಮನೆಗೆ ಹೋಗಿ, ಸಾವ್ಕಾರರನ್ನು ಮುಂದಿನ ತಿಂಗಳು ಬರಲು ಹೇಳಬಹುದೇ ಎಂದು ಕೇಳಿದೆ.

“ಅವ್ರು ಬರೋದು ವರ್ಸುಕ್ಕೆರಡು ಸಲ ಸಾ. ಈ ಸಲ ಬುಟ್ರೆ ಬೇರೆಯೋರ ಡಿಸೈನು ಏರ್ತದೆ ಮಗ್ಗುಕ್ಕೆ” ಎಂದ ನಂಜುಂಡಪ್ಪ. ಎದ್ದು ನನ್ನ ಹಿಂದೆಯೇ ಮನೆಗೆ ಬಂದ. ಬಂದವನು ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ.

“ಅಮ್ಮಾ, ಪೆಟ್ಗೇಲಿರಾದು ಓದ್ರೆ ಓಗ್ಲಿ. ನಿಮ್ಮ ತಲೇಲೈತಾ?”

ಗಿರಿಜಾ ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿತು. “ನಡುವಿಂದ ಶುರು ಮಾಡಿದ್ರೆ ಬರುತ್ತೆ” ಎಂದಳು.

ಆಮೇಲಿನ ನಾಲ್ಕು ದಿನ ನಾನು ನೋಡಿದ್ದನ್ನು ಉತ್ಪ್ರೇಕ್ಷೆಯಿಲ್ಲದೆ ಬರೆಯುವುದು ಕಷ್ಟ. ನಡುಮನೆಯಲ್ಲಿ ಚಾಪೆ, ಚಾಪೆಯ ಮೇಲೆ ಚೌಕದ ಕಾಗದ. ಸಾಲಿಗೆ ಇನ್ನೂರ ನಲವತ್ತು ಚೌಕ, ಅಂಥ ಮುನ್ನೂರು ಸಾಲು. ಆರು ವಾರದಲ್ಲಿ ಅವಳು ಬಿಡಿಸಿ ಅಳಿಸಿ ಮತ್ತೆ ಬಿಡಿಸಿದ್ದೆಲ್ಲ ಅವಳೊಳಗೆ ಸಾಲಾಗಿ ನಿಂತಿತ್ತು. “ಮೂರು ಬಿಟ್ಟು ಎರಡು, ಐದು ಬಿಟ್ಟು ಒಂದು” ಎಂದು ಮೆಲ್ಲಗೆ ಹೇಳಿಕೊಳ್ಳುತ್ತ ಪೆನ್ಸಿಲ್ ಊರುತ್ತಿದ್ದಳು. ಎದುರಿಗೆ ಕೂತ ನಂಜುಂಡಪ್ಪ, ಕಾಗದ ತಲೆಕೆಳಗಾಗಿಯೇ ಕಾಣುತ್ತಿದ್ದರೂ, “ಅಲ್ಲೊಂದೆಳೆ ಇಡ್ತ ಇಲ್ದೆ ತೇಲ್ತದೆ ಕಣಮ್ಮ, ನಡುವೊಂದ್ ಚುಕ್ಕಿ ಇಟ್ಟು ಕಟ್ಟಾಕಿ” ಎನ್ನುತ್ತಿದ್ದ. ಕರೆಂಟು ಬಂತು, ಹೋಯಿತು. ಅವರಿಬ್ಬರಿಗೂ ಅದು ಗೊತ್ತಾಗಲಿಲ್ಲ. ಅನ್ನ ಮಾಡಿದ್ದು ತಾಯಿ. ಟೀ ಮಾಡಿದ್ದು ನಾನು. ಮೂರನೆಯ ದಿನ ಟೀ ಕುಡಿಯುವಂತಿದೆ ಎಂದು ಅಭಿಪ್ರಾಯ ಬಂತು.

ಕೊನೆಯ ದಿನ ಕೈ ಸಾಲದೆ, ಅವಳು ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟ ಚೌಕಗಳಿಗೆ ಮಸಿ ತುಂಬುವ ಕೆಲಸವನ್ನು ನನಗೆ ಒಪ್ಪಿಸಿದರು.

“ಚುಕ್ಕಿ ಇರೋದಕ್ಕೆ ಮಾತ್ರ” ಎಂದಳು ಗಿರಿಜಾ.

“ನಾನೇನು...” ಎಂದು ಶುರು ಮಾಡಿ ನಿಲ್ಲಿಸಿದೆ.

ಶುಕ್ರವಾರ ನಮ್ಮ ಮನೆಗೇ ಬಂದ ಸಾವ್ಕಾರರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ದೂರದಿಂದ ಒಂದು ಸಲ, ಹತ್ತಿರದಿಂದ ಒಂದು ಸಲ ನೋಡಿದರು. “ಎಂಟು ಸೀರೆ ನೇಯಿಸಿ ಕಳಿಸಿ, ನೋಡೋಣ” ಎಂದರು. ಗಿರಿಜಾ ತಲೆಯಾಡಿಸಿ ಒಳಗೆ ಹೋದಳು. ಒಳಗಿನಿಂದ ಬಹಳ ಹೊತ್ತು ಸದ್ದೇ ಬರಲಿಲ್ಲ. ಹೋಗಿ ನೋಡಿದರೆ ಗೋಡೆಗೊರಗಿ ಕೂತು ನಿದ್ದೆ ಹೋಗಿದ್ದಳು. ಬೆರಳುಗಳು ಮಾತ್ರ ಮಡಿಲಲ್ಲಿ ಇನ್ನೂ ಏನನ್ನೋ ಎಣಿಸುತ್ತಿದ್ದವು.

ಆ ಕಾಗದವನ್ನು ನೋಡಿ ರಟ್ಟಿನ ಕಾರ್ಡುಗಳಲ್ಲಿ ಮಸಿ ತುಂಬಿದ ಚೌಕಕ್ಕೊಂದರಂತೆ ತೂತು ಹೊಡೆದು, ದಾರದಲ್ಲಿ ಪೋಣಿಸಿ ಮಗ್ಗದ ಮೇಲೆ ತೂಗುಹಾಕಿದರು. ಒಂದು ಸಾಲಿಗೆ ಒಂದು ಕಾರ್ಡು. ನಂಜುಂಡಪ್ಪ ತುಳಿದ ಹಾಗೆ ಕಾರ್ಡುಗಳು ಒಂದರ ಹಿಂದೊಂದು ತಿರುಗಿ ಬಂದು, ತೂತಿದ್ದ ಕಡೆ ಎಳೆ ಎದ್ದು, ಕೆಳಗೆ ಬೆರಳಗಲ ಬೆರಳಗಲವಾಗಿ ಚಂದ್ರಿಕೆ ಬಿಚ್ಚಿಕೊಳ್ಳುತ್ತಿತ್ತು. ಕರೆಂಟಿಲ್ಲ, ಪರದೆಯಿಲ್ಲ, ಕೇಳುವ ಪ್ರಶ್ನೆಯಿಲ್ಲ. ನಾನು ಬಾಗಿಲಲ್ಲಿ ನಿಂತವನು ಒಂದು ಪತ್ರಿಕಾಗೋಷ್ಠಿಯನ್ನೇ ತಪ್ಪಿಸಿಕೊಂಡೆ.

ಎಂಟು ಸೀರೆ ಮೈಸೂರಿಗೆ ಹೋದವು. ಇನ್ನಷ್ಟು ಬೇಕೆಂದು ಹೇಳಿಕಳಿಸಿದರು. ಒಂಬತ್ತನೆಯದು ಅರ್ಧವಾದಾಗ ನಂಜುಂಡಪ್ಪ ನನ್ನನ್ನು ಕರೆಸಿ ಸೆರಗಿನ ಮೂಲೆಯ ಮೇಲೆ ಬೆರಳಿಟ್ಟ. ಸುರುಳಿಯಿಂದ ಹೊರಗೆ, ಗುಂಪು ಬಿಟ್ಟ ಹುಳುವಿನ ಹಾಗೆ, ಒಂದು ಜರಿಯ ಚುಕ್ಕಿ.

“ಇಲ್ಲಿ ಮಸಿ ತುಂಬ್ದೋರು ಯಾರು ಸಾ?”

ಅವನಿಗೆ ಗೊತ್ತಿತ್ತು. ಆ ಕಾರ್ಡನ್ನು ಹುಡುಕಿ, ಉಗುರಗಲದ ಕಾಗದದ ಚೂರಿಗೆ ಅಂಟು ಹಚ್ಚಿ ತೂತು ಮುಚ್ಚಿದ. ಅರ್ಧ ನಿಮಿಷದ ಕೆಲಸ. ಯಾವ ಸ್ಕ್ರೂ ಕೂಡ ಬಿಚ್ಚಲಿಲ್ಲ. ಆದರೆ ಹೋದ ಎಂಟು ಸೀರೆಗಳು ಹೋದವು. ಪತ್ರಿಕೆಯಲ್ಲಾದರೆ ಮರುದಿನ ಒಳಪುಟದ ಮೂಲೆಯಲ್ಲಿ ‘ತಿದ್ದುಪಡಿ’ ಎಂದು ಎರಡು ಸಾಲು ಹಾಕಿ ವಿಷಾದಿಸಬಹುದು. ರೇಷ್ಮೆಯಲ್ಲಿ ಆ ಏರ್ಪಾಡಿಲ್ಲ. ನನ್ನ ತಪ್ಪನ್ನು ಕಾರ್ಡು ಎಂಟಕ್ಕೆ ಎಂಟು ಸಲ, ಅದೇ ಜಾಗದಲ್ಲಿ, ಅಷ್ಟೇ ನಿಷ್ಠೆಯಿಂದ ನೇಯ್ದು ಕಳಿಸಿತ್ತು.

ಆಮೇಲೆ ಬಹಳ ದಿನ, ಮದುವೆ ಮನೆಗಳಿಗೆ ಹೋದಾಗ ರೇಷ್ಮೆ ಸೀರೆಯವರು ಎದುರಾದರೆ ಸೆರಗಿನ ಮೂಲೆಯನ್ನು ಬಗ್ಗಿ ನೋಡುವ ಅಭ್ಯಾಸ ನನಗಂಟಿತು. ಮೈಸೂರಿನ ಒಂದು ಛತ್ರದಲ್ಲಿ ಗಿರಿಜಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

“ಸುಮ್ನೆ ಊಟಕ್ಕೆ ನಡೀರಿ. ಯಾರಾದ್ರೂ ಹಿಡ್ಕೊಂಡು ಕೇಳಿದ್ರೆ ಹಾರ್ಡ್ ಡಿಸ್ಕಿನ ಕಥೆ ಹೇಳಕ್ಕೆ ಹೋಗ್ಬೇಡಿ. ಇನ್ನೆರಡು ಒದೆ ಜಾಸ್ತಿ ಬೀಳ್ತವೆ.”