ಬಾಳೆಸಿಪ್ಪೆಯ ಮೇಲೆ ನನ್ನ ಏಕಪಾತ್ರಾಭಿನಯ

ಬೀಳುವುದರಲ್ಲಿ ಕಷ್ಟವೇನಿದೆ ಎಂದುಕೊಂಡಿದ್ದೆ.

ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಮೊಬೈಲಿನಲ್ಲಿ ನೂರು ವರ್ಷ ಹಳೆಯ ಮೂಕಿ ಚಿತ್ರಗಳನ್ನು ನೋಡುತ್ತೇನೆ. ಒಬ್ಬ ಜಾರುತ್ತಾನೆ, ಏಣಿ ತಿರುಗಿ ಇನ್ನೊಬ್ಬನ ತಲೆಗೆ ಬಡಿಯುತ್ತದೆ, ಯಾರೂ ಮಾತಾಡುವುದಿಲ್ಲ. ಸಿಂದಗಿಯ ನಮ್ಮ ಮನೆಯೂ ಹಾಗೆಯೇ. ಯಾರೂ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ! ನಮ್ಮವರು ಯಂಕಂಚಿಯ ಶಾಲೆಯಲ್ಲಿ ಮಾಸ್ತರರು. ಮಾತೆಲ್ಲ ಅಲ್ಲೇ ಖರ್ಚು ಮಾಡಿ ಬರುತ್ತಾರೆ. ನಕ್ಕರೆ ಅವರ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತಿತ್ತು. ಈಗಲೂ ಇದೆಯೋ ಇಲ್ಲವೋ! ಒಮ್ಮೆಯಾದರೂ ನಗಿಸಲೇಬೇಕೆಂದು ಭಾನುವಾರ ಸಂಜೆ ಸಂಕಲ್ಪ ಮಾಡಿದೆ.

ಚಿತ್ರದಲ್ಲೊಬ್ಬ ತಟ್ಟೆಗಳ ಗೋಪುರ ಹಿಡಿದು ಬಾಳೆಸಿಪ್ಪೆಯ ಮೇಲೆ ಜಾರಿಯೂ ಒಂದನ್ನೂ ಬೀಳಿಸುವುದಿಲ್ಲ. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಸಿಪ್ಪೆ ಇಟ್ಟು, ವಾರಕ್ಕೆಂದು ಬಡಿದು ಒಣಗಿಸಿದ್ದ ಖಡಕ್ ರೊಟ್ಟಿಗಳ ಗೋಪುರ ಎತ್ತಿಕೊಂಡೆ. ಕಾನ್ವೆಂಟಿನಲ್ಲಿ ಸಿಸ್ಟರು ತಲೆಯ ಮೇಲೆ ಪುಸ್ತಕವಿಟ್ಟು ನಡೆಯಲು ಕಲಿಸಿದ್ದರು. ಅದೇ ನನ್ನ ಅರ್ಹತೆ!

ನಮ್ಮವರು ಪಡಸಾಲೆಯ ಕುರ್ಚಿಯಲ್ಲಿ ಕುಳಿತಿದ್ದರು. "ರೀ, ಇಲ್ಲಿ ನೋಡ್ರಿ!" ಎಂದು ಸಿಪ್ಪೆಯ ಮೇಲೆ ಕಾಲಿಟ್ಟೆ. ಸಿಪ್ಪೆ ಅಲುಗಲಿಲ್ಲ. ಇನ್ನೊಮ್ಮೆ ಇಟ್ಟೆ. ಅಂಟಿಸಿದಂತಿತ್ತು! ಬಹುಶಃ ಮಗ್ಗುಲು ತಪ್ಪಾಗಿರಬೇಕೆಂದು ಕಾಲಿನಿಂದಲೇ ಮಗುಚಿ ಮೆಟ್ಟಿದೆ. ಒಂದು ಕಾಲು ವಿಜಯಪುರದ ಕಡೆ, ಇನ್ನೊಂದು ಕಲಬುರಗಿಯ ಕಡೆ ಹೊರಟಿತು. ನಾನು ಸಿಂದಗಿಯಲ್ಲೇ ಕುಳಿತೆ!

ಪಕ್ಕದ ಮನೆಯ ಶಾಂತಕ್ಕ ಓಡಿ ಬಂದರು.

"ಏನ್ ಬಿತ್ತವಾ?"

"ರೊಟ್ಟಿರಿ."

"ರೊಟ್ಟಿ ಇಷ್ಟ ಸಪ್ಪಳ ಮಾಡ್ತಾವೇನ?"

"ಜೋಡಿ ನಾನೂ ಬಿದ್ದೇನಿರಿ."

"ಸಿಪ್ಪಿ ಯಾರ ಒಗದಾರಿಲ್ಲಿ?"

"ನಾನ ಇಟ್ಟೇನ್ರಿ. ಇವರು ನಗಲಿ ಅಂತ."

ಶಾಂತಕ್ಕ ಗಲ್ಲಕ್ಕೆ ಕೈ ಹಚ್ಚಿದರು. "ಯವ್ವಾ! ಮಾಸ್ತರು ಹೊರಗ ಕಟ್ಟಿ ಮ್ಯಾಲ ಫೋನ್ ಹಚ್ಗೊಂಡು ಕುಂತಾರ. ಅವಾಗಿನಿಂದ ನಗಾಕತ್ತಾರಲ್ಲ!"

ಆಗ ನೋಡಿದೆ. ಕುರ್ಚಿ ಖಾಲಿ. ರೊಟ್ಟಿಯ ಗೋಪುರದ ಮರೆಯಲ್ಲಿ ಪ್ರೇಕ್ಷಕರು ಎದ್ದು ಹೋದದ್ದೇ ನನಗೆ ಕಂಡಿರಲಿಲ್ಲ!

"ಗುಳಿ ಬೀಳಾಕತ್ತಿತ್ತೇನ್ರಿ ಗಲ್ಲದಾಗ?"

"ನಿನಗ ತಲಿಗೇನರ ಪೆಟ್ಟು ಬಿತ್ತೇನ?" ಎಂದು ಶಾಂತಕ್ಕ ನನ್ನ ಹಣೆ ಮುಟ್ಟಿ ನೋಡಿದರು.

ಅಂದಿನ ಊಟಕ್ಕೆ ಒಡೆದ ರೊಟ್ಟಿಯ ಚೂರುಗಳನ್ನೇ ಬಡಿಸಿದೆ. ನಮ್ಮವರು ಒಂದು ಚೂರು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಬಹಳ ದಿನಗಳ ಮೇಲೆ ಒಂದು ಇಡೀ ವಾಕ್ಯ ಆಡಿದರು:

"ಈ ಸಲ ರೊಟ್ಟಿ ಯಾಕ ಇಷ್ಟು ಸಣ್ಣು ಬಡದಿ?"

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಯಾಕೆಂದು ಕೇಳದೆ ಅವರು ಕೈ ತೊಳೆಯಲು ಎದ್ದರು.

ನಗಿಸುವುದು ಇಷ್ಟು ಸುಲಭವೇ! ಬೀಳುವ ಅಗತ್ಯವೇ ಇರಲಿಲ್ಲ!