ವೆಂಡೆಲ್‌ನ ಕಾರಿನಲ್ಲಿ ಎಷ್ಟು ಕುದುರೆ?

ಆ ಶನಿವಾರ ಬೆಳಿಗ್ಗೆ ಪ್ಯಾಟ್ಸಿಯ ಹೋಟೆಲಿನಲ್ಲಿ ಎರಡನೆಯ ಕಪ್ ಕಾಫಿಗೆ ಆಸೆಪಡದೆ ಎದ್ದು ಬಂದಿದ್ದರೆ ವೆಂಡೆಲ್ ಸ್ಟ್ರೋಬೆಲ್ ಸುಳ್ಳು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಆದರೆ ಕಾಫಿ ಬಿಸಿಯಾಗಿತ್ತು. ಎದುರಿಗೆ ಪಕ್ಕದ ಮನೆಯ ಡ್ವೇನ್ ಕ್ರೆಗರ್ ಕೂತಿದ್ದ. ಸುತ್ತ ಹಾರ್ಲನ್ ಕ್ರೀಕ್ ಊರಿನ ಕಾರ್ ಕ್ಲಬ್ಬಿನವರೆಲ್ಲ ನೆರೆದಿದ್ದರು. ಡ್ವೇನ್‌ನ ಹತ್ತಿರ ಎಪ್ಪತ್ತನೆಯ ಇಸವಿಯ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರು ಇತ್ತು. ವೆಂಡೆಲ್‌ನದೂ ಕಾರ್ವೆಟ್ಟೇ, ಬಣ್ಣವೂ ಅದೇ ಕೆಂಪು, ಆದರೆ ಎಪ್ಪತ್ತೈದರದು. ನೋಡುವವರ ಕಣ್ಣಿಗೆ ಎರಡೂ ಅಣ್ಣತಮ್ಮಂದಿರು. ಒಳಗಿನ ಲೆಕ್ಕ ಮಾತ್ರ ಬೇರೆ. ಕಂಪನಿಯವರು ಹೇಳಿದ ಪ್ರಕಾರ ಡ್ವೇನ್‌ನ ಎಂಜಿನ್ನಿಗೆ ಮುನ್ನೂರು ಕುದುರೆಗಳ ಶಕ್ತಿ. ಐದೇ ವರ್ಷದಲ್ಲಿ ಹೊಗೆಯ ಕಾನೂನು ಬಂದು, ಪೆಟ್ರೋಲು ಬದಲಾಗಿ, ವೆಂಡೆಲ್‌ನ ಕಾರಿನ ಹೊತ್ತಿಗೆ ಲಾಯದಲ್ಲಿ ಉಳಿದದ್ದು ನೂರ ಅರವತ್ತೈದು.

"ಕೇಳಿದ್ರೇನ್ರಪ್ಪಾ," ಎಂದ ಡ್ವೇನ್, ಹೋಟೆಲಿಗೆಲ್ಲ ಕೇಳುವ ಹಾಗೆ. "ನಿನ್ನೆ ಸಿಗ್ನಲ್ಲು ಹಸಿರಾಯ್ತು, ನಮ್ಮ ವೆಂಡೆಲ್ ಹೊರಟ. ಪಕ್ಕದಲ್ಲಿ ಒಬ್ಬಜ್ಜಿ ಹುಲ್ಲು ಕತ್ತರಿಸೋ ಮೆಷಿನ್ ಮೇಲೆ ಕೂತು ಓಡಿಸ್ತಿದ್ಲು. ಅಜ್ಜಿ ಮುಂದೆ ಹೋಗಿ, ಹಿಂತಿರುಗಿ ನೋಡಿ ಇವನಿಗೆ ಟಾಟಾ ಮಾಡಿದ್ಲು!"

ಎಲ್ಲರೂ ಮೇಜು ಕುಟ್ಟಿ ನಕ್ಕರು. ಇಂಥ ಮಾತನ್ನು ವೆಂಡೆಲ್ ಹನ್ನೊಂದು ವರ್ಷದಿಂದ ಸಹಿಸಿಕೊಂಡು ಬಂದಿದ್ದ. ಅಂದೂ ಸಹಿಸಿಕೊಳ್ಳುತ್ತಿದ್ದನೋ ಏನೋ, ಆದರೆ ಕಾಫಿ ಸುರಿಯುತ್ತಿದ್ದ ಪ್ಯಾಟ್ಸಿ "ಬಿಡ್ರಪ್ಪಾ, ಪಾಪ" ಎಂದುಬಿಟ್ಟಳು. ಆ 'ಪಾಪ' ಅವನಿಗೆ ಸೂಜಿಯ ಹಾಗೆ ಚುಚ್ಚಿತು.

"ನಗ್ರಿ, ನಗ್ರಿ," ಎಂದ. "ಅದರೊಳಗಿರೋದು ಎಪ್ಪತ್ತೈದರ ಎಂಜಿನ್ನೇ ಅಲ್ಲ. ಹಿಂದಿನ ಮಾಲೀಕ ಅದನ್ನ ಕಿತ್ತು ಬಿಸಾಕಿ ಎಪ್ಪತ್ತರದ್ದು ಕೂರಿಸಿದ್ದ. ಮುನ್ನೂರು ಕುದುರೆ. ಹೇಳ್ಕೊಂಡು ತಿರುಗೋ ಚಟ ನನಗಿಲ್ಲ, ಅಷ್ಟೆ."

ನಗು ನಿಂತಿತು. ವೆಂಡೆಲ್‌ಗೆ ಹಿತವಾಯಿತು. ಆ ಹಿತ ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಉಳಿಯಿತು.

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಮಾರಾಯ!" ಎಂದ ಡ್ವೇನ್. "ಮಧ್ಯಾಹ್ನ ಮೈದಾನಕ್ಕೆ ಮೆಕ್ಯಾನಿಕ್ ರೋಂಡಾ ತನ್ನ ರೋಲರ್ ಮೆಷಿನ್ ತರ್ತಾಳೆ. ಕಾರಿನ ಚಕ್ರಾನ ಅದರ ಮೇಲೆ ನಿಲ್ಲಿಸಿ ಓಡಿಸಿದ್ರೆ ಎಷ್ಟು ಕುದುರೆ ಅಂತ ಬೋರ್ಡಿನ ಮೇಲೆ ಬರುತ್ತೆ. ಮೊದಲು ನೀನು, ನಿನ್ನ ಹಿಂದೆ ನಾನು."

ಊರಿನ ಮುಂದೆ ಮಾನ ಹೋಗುವುದು ಒಂದು ಕಷ್ಟ. ಇನ್ನೊಂದು ಕಷ್ಟ ಮನೆಯಲ್ಲಿತ್ತು. ಹೆಂಡತಿ ಲೊರೀನಳಿಗೆ ಜೋರಾಗಿ ಓಡುವ ಕಾರೆಂದರೆ ಎದೆ ನಡುಕ. ಅವಳ ಅಣ್ಣ ಅಂಥದೊಂದರಲ್ಲಿ ಕೂತು ಹಾಲಿನ ಡೈರಿಯ ಗೋಡೆ ಒಡೆದು ಒಳಗೆ ಹೋಗಿದ್ದ. "ಕಾರ್ವೆಟ್ ತಗೊಳ್ಳಲೇಬೇಕು ಅಂದ್ರೆ ಎಲ್ಲಕ್ಕಿಂತ ಕೈಲಾಗದ ವರ್ಷದ್ದು ಯಾವುದೋ ಅದನ್ನೇ ತಗೋ" ಎಂಬ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದ್ದಳು. ಹಾಗಿದ್ದೂ ಅದರೊಳಗೆ ಒಮ್ಮೆಯೂ ಕೂತವಳಲ್ಲ.

ವೆಂಡೆಲ್ ಮನೆ ಮುಟ್ಟುವಷ್ಟರಲ್ಲಿ ಲೊರೀನ್ ಕೈಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಮುನ್ನೂರಂತೆ?"

"ಯಾರು ಹೇಳಿದ್ರು?"

"ಮೊದಲು ಪ್ಯಾಟ್ಸಿ. ಆಮೇಲೆ ಪಾದ್ರಿ ಹೆಂಡ್ತಿ. ಆಮೇಲೆ ನಮ್ಮಮ್ಮ. ಅವಳು ಇರೋದು ಫ್ಲಾರಿಡಾದಲ್ಲಿ!"

"ಅದು ಸುಳ್ಳು ಲೊರೀನ್. ಡ್ವೇನ್ ಬಾಯಿ ಮುಚ್ಚಿಸೋಕೆ ಹೇಳಿದೆ."

"ಅವನಿಗೆ ಹೇಳಿದ್ದು ಸುಳ್ಳೋ, ಇಷ್ಟು ವರ್ಷ ನನಗೆ ಹೇಳಿದ್ದು ಸುಳ್ಳೋ? ನಾನೂ ಬರ್ತೀನಿ ಮೈದಾನಕ್ಕೆ. ಬೋರ್ಡಿನ ಮೇಲೆ ದೊಡ್ಡ ಅಂಕಿ ಬಂತೋ, ಇವತ್ತೇ ಕಾರು ಮಾರಾಟಕ್ಕೆ."

ಅಂಕಿ ಸಣ್ಣದಾದರೆ ಊರು ನಗುತ್ತದೆ, ದೊಡ್ಡದಾದರೆ ಕಾರು ಹೋಗುತ್ತದೆ. ಕಾರೇ ಹೊರಡದಿದ್ದರೆ? ವೆಂಡೆಲ್ ಗ್ಯಾರೇಜಿಗೆ ನುಗ್ಗಿ, ಬಾನೆಟ್ ಎತ್ತಿ, ಸ್ಪಾರ್ಕ್ ಪ್ಲಗ್ಗುಗಳ ವೈರನ್ನೆಲ್ಲ ಅದಲುಬದಲು ಮಾಡಿಟ್ಟ. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೀಲಿ ತಿರುಗಿಸಿದ. ಕಾರು ಕೆಮ್ಮಿ, ಸೀನಿ, ಸುಮ್ಮನಾಯಿತು.

"ಅಯ್ಯೋ, ಇದೇನಾಯ್ತಪ್ಪಾ!" ಎಂದು ಬೀದಿಗೆ ಕೇಳುವಂತೆ ಕೂಗಿದ. ಬೀದಿಗೆ ಕೇಳಿಸಿಯೇಬಿಟ್ಟಿತು. ಡ್ವೇನ್ ಬೇಲಿ ಹಾರಿ ಬಂದ.

"ಯಾವ ಕತ್ತೆ ಮಾಡಿದ್ದೋ ಇದನ್ನ? ವೈರೆಲ್ಲ ಉಲ್ಟಾಪಲ್ಟಾ!" ಎನ್ನುತ್ತ ಸರಸರನೆ ಸರಿಮಾಡಿ ಕೈ ಒರೆಸಿಕೊಂಡ. "ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ. ಪಕ್ಕದ ಮನೆಯವನಾಗಿ ಇಷ್ಟೂ ಮಾಡದಿದ್ರೆ ಹೇಗೆ?"

"ನನಗೆ ಯಾಕೋ ಸೊಂಟ ಹಿಡ್ಕೊಂಡಿದೆ ಡ್ವೇನ್..."

"ನೀನು ಕೂತ್ಕೊಂಡ್ರೆ ಸಾಕು, ಓಡೋದು ಕಾರು. ನಡಿ, ನಡಿ."

ಮೈದಾನದಲ್ಲಿ ಜನವೋ ಜನ. ಸುಟ್ಟ ಜೋಳದ, ಹಾಟ್‌ಡಾಗಿನ ವಾಸನೆ. ಕಂಚಿನ ಕಂಠದ ರೋಂಡಾ, ಹಟಮಾರಿ ಹಸುವನ್ನು ಕಟ್ಟಿಹಾಕುವ ಹಾಗೆ, ವೆಂಡೆಲ್‌ನ ಕಾರನ್ನು ರೋಲರ್ ಮೇಲೆ ಪಟ್ಟಿಗಳಿಂದ ಬಿಗಿದಳು.

"ಒತ್ತು ಆಕ್ಸಿಲರೇಟರ್! ಇನ್ನೂ ಒತ್ತು! ಏನಪ್ಪಾ, ಕಾಲ ಕೆಳಗೆ ಕೋಳಿಮೊಟ್ಟೆ ಇಟ್ಕೊಂಡಿದ್ದೀಯಾ? ಪೂರ್ತಿ ಒತ್ತು!"

ಹನ್ನೊಂದು ವರ್ಷದಲ್ಲಿ ವೆಂಡೆಲ್ ಒಮ್ಮೆಯೂ ಪೂರ್ತಿ ಒತ್ತಿದವನಲ್ಲ. ಕಣ್ಣು ಮುಚ್ಚಿ ಒತ್ತಿದ. ಕಾರು ನಿಂತಲ್ಲೇ ಘೀಳಿಟ್ಟಿತು. ಕಣ್ಣು ಬಿಟ್ಟಾಗ ಬೋರ್ಡಿನ ಮೇಲೆ ಕೆಂಪು ದೀಪದಲ್ಲಿ ನೂರ ಮೂವತ್ತೊಂದು.

ಇದ್ದ ನೂರ ಅರವತ್ತೈದರಲ್ಲೂ ಒಂದಷ್ಟು ಹಗ್ಗ ಹರಿದುಕೊಂಡು ಹೋಗಿದ್ದವು!

ಡ್ವೇನ್ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತೇಬಿಟ್ಟ. "ಮುನ್ನೂರಂತೆ! ಉಳಿದವೆಲ್ಲ ಮೇಯೋಕೆ ಹೋಗಿವೆಯಾ?" ವೆಂಡೆಲ್ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ. ಆದರೆ ಡ್ವೇನ್‌ಗೆ ಕೇಳುವ ವ್ಯವಧಾನ ಎಲ್ಲಿ? "ಈಗ ನಿಜವಾದ ಎಪ್ಪತ್ತರ ಎಂಜಿನ್ ಅಂದ್ರೇನು ನೋಡಿ" ಎನ್ನುತ್ತ ತನ್ನ ಕಾರು ಹತ್ತಿಸಿದ. ಮೈದಾನ ನಡುಗುವ ಹಾಗೆ ಸದ್ದು ಮಾಡಿದ. ಇಳಿದು ಎದೆಯುಬ್ಬಿಸಿ ಬೋರ್ಡ್ ನೋಡಿದ.

ನೂರ ನಲವತ್ತೆಂಟು.

"ನಿನ್ನ ಮೆಷಿನ್ ಕೆಟ್ಟಿದೆ!" ಎಂದು ಕಿರುಚಿದ.

"ನನ್ನ ಮೆಷಿನ್ ಸರಿಯಾಗೇ ಇದೆ," ಎಂದಳು ರೋಂಡಾ. "ಆ ಕಾಲದಲ್ಲಿ ಎಂಜಿನ್ನನ್ನ ಹೊರಗೆ ತೆಗೆದು, ಫ್ಯಾನಿಲ್ಲದೆ, ಸೈಲೆನ್ಸರಿಲ್ಲದೆ, ಬರೀ ಮೈಯಲ್ಲಿ ನಿಲ್ಲಿಸಿ ಅಳೀತಿದ್ರು. ಎಲ್ಲಾ ಜೋಡಿಸಿ ಅಳೆಯೋದು ಶುರುವಾಗಿದ್ದು ಎಪ್ಪತ್ತೆರಡರ ಹೊತ್ತಿಗೆ. ನಿನ್ನ ಮುನ್ನೂರು ಹೆಸರಿಗಿರೋ ಸಂಬಳ ಕಣಯ್ಯ. ಎಲ್ಲಾ ಕಡಿತ ಹೋಗಿ ಚಕ್ರದ ಕೈಗೆ ಸಿಗೋದು ಇದು. ಜೊತೆಗೆ ಎಂಜಿನ್ನಿಗೂ ವಯಸ್ಸಾಗಿದೆ, ನಿನ್ನ ಥರ."

ಗುಂಪಿನಲ್ಲಿ ಪಿಸುಗುಟ್ಟುವಿಕೆ ಎದ್ದಿತು. ಪ್ಯಾಟ್ಸಿಯೇ ಜೋರಾಗಿ ಹೇಳಿದಳು: "ಎಪ್ಪತ್ತರದ್ದು ಇಷ್ಟೇ ಕೊಡೋದು ಅಂದ್ರೆ ವೆಂಡೆಲ್ ಹೇಳಿದ್ದು ನಿಜಾನೇ ಅಲ್ವೇ! ಅವನದ್ದೂ ಎಪ್ಪತ್ತರ ಎಂಜಿನ್ನೇ!"

"ಹೌದಲ್ಲ!" ಎಂದರು ಹತ್ತಾರು ಜನ. ಡ್ವೇನ್ ಬಂದು ಬಾಡಿದ ಸೊಪ್ಪಿನಂಥ ಕೈ ಚಾಚಿ ವೆಂಡೆಲ್‌ನ ಕೈ ಕುಲುಕಿದ. ನಿಜ ಹೇಳಿಬಿಡಬೇಕೆಂದು ವೆಂಡೆಲ್‌ಗೆ ಅನಿಸಿದ್ದು ಹೌದು. ಅಷ್ಟರಲ್ಲಿ ಯಾರೋ ಅವನ ಕೈಗೊಂದು ಹಾಟ್‌ಡಾಗ್ ಕೊಟ್ಟರು. ಬಾಯಿ ತುಂಬಿತು.

ಅಷ್ಟರಲ್ಲಿ ಲೊರೀನ್ ಬಂದಳು. ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು.

"ನೂರ ಮೂವತ್ತೊಂದಾ! ನಾನು ದಿನಸಿ ತರೋ ವ್ಯಾನಿಗೇ ನೂರೈವತ್ತಿದೆಯಲ್ಲೋ! ಹನ್ನೊಂದು ವರ್ಷ ಈ ಕುರಿಮರಿಗೆ ಹೆದರಿಕೊಂಡು ಕೂತಿದ್ನಾ ನಾನು?"

"ಹಾಗಾದ್ರೆ ಮಾರೋದು ಬೇಡ ತಾನೆ?"

"ಛೆ, ಮಾರೋದ್ಯಾಕೆ?" ಅವಳು ಅಂಗೈ ಚಾಚಿದಳು. "ಕೀಲಿ ಕೊಡು. ಮನೆ ತನಕ ನಾನೇ ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ. ನಾನು ತಂದ ವ್ಯಾನನ್ನ ಆಮೇಲೆ ಬಂದು ತಗೊಂಡು ಹೋಗು."

ಮಾನ ಉಳಿದಿತ್ತು, ಕಾರೂ ಉಳಿದಿತ್ತು, ಹೆಂಡತಿ ಮೊದಲ ಸಲ ಅದರೊಳಗೆ ಕೂರುತ್ತಿದ್ದಳು. ವೆಂಡೆಲ್ ಖುಷಿಯಿಂದ ಕೀಲಿ ಕೊಟ್ಟ.

ಮೈದಾನದ ಗೇಟು ದಾಟಿದ ಮೇಲೆ ಜೋಳದ ಹೊಲಗಳ ನಡುವೆ ನೇರ ರಸ್ತೆ. "ರೋಂಡಾ ಏನಂದ್ಲು? ಪೂರ್ತಿ ಒತ್ಬೇಕು ಅಂದ್ಲಲ್ವಾ?" ಎಂದಳು ಲೊರೀನ್. ಪೂರ್ತಿ ಒತ್ತಿದಳು.

ನೂರ ಮೂವತ್ತೊಂದು ಕುದುರೆಗಳೆಂದರೆ ಬಹಳ ಕುದುರೆಗಳು ಎಂಬುದು ವೆಂಡೆಲ್‌ಗೆ ಆಗ ತಿಳಿಯಿತು. ಇಷ್ಟು ವರ್ಷ ಅವನು ಲಾಯದ ಬಾಗಿಲನ್ನು ಸ್ವಲ್ಪವೇ ತೆರೆದು ಒಂದು ಮೂವತ್ತನ್ನು ಅಡ್ಡಾಡಲು ಬಿಡುತ್ತಿದ್ದ. ಅವಳು ಬಾಗಿಲನ್ನೇ ಕಿತ್ತಿದ್ದಳು. ಎರಡೂ ಕಡೆಯ ಜೋಳ ಹಸಿರು ಗೋಡೆಯಾಯಿತು.

"ಲೊರೀನ್! ತಿರುವು!"

"ಕಾಣ್ತಿದೆ ಸುಮ್ನಿರೋ!"

"ಬ್ರೇಕು! ಬ್ರೇಕು!"

"ಎಂಥಾ ಸಾಧು ಕಾರೋ ಇದು!"

ಮನೆಯ ಮುಂದೆ ಇಳಿದವನೇ ವೆಂಡೆಲ್ ಟಪಾಲು ಡಬ್ಬಿಯ ಕಂಬವನ್ನು ಅಪ್ಪಿಕೊಂಡು ನಿಂತ. ಆದರೂ ಜೀವ ಉಳಿದಿದೆಯಲ್ಲ ಎಂಬ ನೆಮ್ಮದಿಗೆ ಮುಖದ ತುಂಬ ನಗು ತಾನಾಗಿಯೇ ಬಂತು.

"ಮುಂದಿನ ಶನಿವಾರ ಕ್ಲಬ್ಬಿನವರ ಸವಾರಿ ಇದೆಯಲ್ಲ," ಎಂದಳು ಲೊರೀನ್, ಕೀಲಿಯನ್ನು ತನ್ನ ಪರ್ಸಿಗೆ ಹಾಕಿಕೊಳ್ಳುತ್ತ. "ಇದನ್ನ ನಾನು ತಗೊಂಡು ಹೋಗ್ತೀನಿ."

"ಮತ್ತೆ ನಾನು?"

"ನೀನು ಹಿಂದೆ ವ್ಯಾನಿನಲ್ಲಿ ಬಾ. ಅದಕ್ಕೆ ಹತ್ತೊಂಬತ್ತು ಕುದುರೆ ಜಾಸ್ತಿ. ಹುಷಾರಾಗಿ ಓಡಿಸು."